ಆಮೆಗೆ ಅಭ್ಯಂಜನ ಬೇಕೇ?

(ಬರ್ಮಿಂಗ್‌ಹ್ಯಾಮ್‌ನಲ್ಲಿ ಕನ್ನಡ ಕುಟುಂಬಗಳ ಭಾನುವಾರದ ಕೂಟವೊಂದರಲ್ಲಿ ಆಮೆಯ ಚಿಪ್ಪಿಗೆ ಎಣ್ಣೆ, ಮಾಯಿಶ್ಚರೈಸರ್ ಹಚ್ಚಬೇಕೇ ಎಂಬ ಪ್ರಶ್ನೆಗೆ ಉತ್ತರವಾಗಿ ಪಶುವೈದ್ಯರೊಬ್ಬರು ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಹೋದ ಚಳಿಗಾಲದಲ್ಲಿ ನನ್ನ ಕ್ಲಿನಿಕ್‌ಗೆ ಒಂದು ಆಮೆ ಬಂತು. ಹಾರ್ಸ್‌ಫೀಲ್ಡ್ ಜಾತಿಯದು, ಅಂಗೈಗಿಂತ ಸ್ವಲ್ಪ ದೊಡ್ಡದು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕೋಣೆಯೆಲ್ಲ ಘಮ್ಮೆಂದಿತು. ಕೊಬ್ಬರಿ ಎಣ್ಣೆ. ಅದೂ ಅಂಗಡಿಯದಲ್ಲ, ಮೆಂತ್ಯ, ದಾಸವಾಳದ ಎಲೆ ಹಾಕಿ ಕಾಯಿಸಿದ ಮನೆ ಎಣ್ಣೆ. ಇಪ್ಪತ್ತು ವರ್ಷ ಹಿಂದಕ್ಕೆ, ನಮ್ಮಮ್ಮನ ಬಚ್ಚಲುಮನೆಗೆ ಹೋಗಿಬಂದ ಹಾಗಾಯಿತು ನನಗೆ. ಪಕ್ಕದಲ್ಲಿದ್ದ ನರ್ಸ್ ಮಾತ್ರ ಇದೇನು ವಾಸನೆ ಅಂತ ಮೂಗು ಅರಳಿಸುತ್ತಿದ್ದಳು.

ಆಮೆಯ ಜೊತೆ ಬಂದವರು ಒಬ್ಬ ಯುವಕ, ಅವನ ತಾಯಿ. ತಾಯಿ ಆರು ತಿಂಗಳಿಗೆಂದು ಹಾಸನದ ಕಡೆಯಿಂದ ಮಗನ ಮನೆಗೆ ಬಂದವರು. ನಾನು ಇಂಗ್ಲಿಷ್‌ನಲ್ಲಿ ಮಗನನ್ನು ಕೇಳುತ್ತಿದ್ದೆ, ಅವನು ತಾಯಿಯ ಮುಖ ನೋಡುತ್ತಿದ್ದ. ಆ ಅಮ್ಮ ನನ್ನ ಅಂಗಿಯ ಮೇಲಿನ ಹೆಸರಿನ ಪಟ್ಟಿ ಓದಿಕೊಂಡು, "ನಮ್ಮ ಕಡೆಯವನೇನಪ್ಪಾ ನೀನು?" ಅಂದರು. ಹೌದು ಅಂದೆ. ಆಮೇಲೆ ಮಗನಿಗೆ ಕೆಲಸವೇ ಉಳಿಯಲಿಲ್ಲ.

"ಚಿಪ್ಪು ಒಣಗಿ ಸುಣ್ಣ ಬಳಿದ ಗೋಡೆ ಥರ ಆಗಿತ್ತಪ್ಪಾ. ಈ ಹೀಟರ್ ಮನೇಲಿ ನನ್ನ ಹಿಮ್ಮಡೀನೇ ಒಡೆದುಹೋಗಿದೆ, ಇನ್ನು ಆ ಮೂಕಪ್ರಾಣಿ ಏನು ಮಾಡ್ತದೆ? ಶನಿವಾರ ಮೊಮ್ಮಗನ ತಲೆಗೆ ಹಚ್ಚೋವಾಗ ಇದಕ್ಕೂ ಒಂದು ಕೈ ಹಚ್ತಿದ್ದೆ. ಹಚ್ಚೋವಾಗ ಹೆಂಗೆ ಕುಣೀತಿತ್ತು ಗೊತ್ತಾ!"

ಅವರ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ. ಇದರಲ್ಲಿ ಎರಡು ವಿಷಯ ಪೂರ್ತಿ ಸರಿ. ಚಿಪ್ಪು ಒಣಗಿತ್ತು, ಸರಿ. ಆಮೆ ಕುಣಿಯುತ್ತಿತ್ತು, ಅದೂ ಸರಿ. ಎಣ್ಣೆ ಮಾತ್ರ ತಪ್ಪು. ಇವತ್ತು ನಿಮಗೆ ಹೇಳಬೇಕಾದದ್ದು ಇಷ್ಟೇ. ಆದರೆ ಹಚ್ಚಬೇಡಿ ಅಂತ ಒಂದು ಮಾತು ಹೇಳಿ ನಾನು ಕೂತರೆ ನೀವು ಮನೆಗೆ ಹೋಗಿ ವ್ಯಾಸಲೀನ್ ಹಚ್ಚುತ್ತೀರಿ. ಆದ್ದರಿಂದ ಕಾರಣ ಹೇಳಲೇಬೇಕು.

ಈಗ ನಿಮ್ಮ ಕೈಯಿಂದ ಕೈಗೆ ದಾಟುತ್ತಿದೆಯಲ್ಲ, ಅದು ನಿಜವಾದ ಚಿಪ್ಪು. ವಯಸ್ಸಾಗಿ ಸತ್ತ ಒಂದು ಆಮೆಯದು, ಸಾಕಿದವರು ಪಾಠಕ್ಕೆ ಇರಲಿ ಅಂತ ಕೊಟ್ಟರು. ಹೊರಗಡೆ ಎಲ್ಲರೂ ನೋಡಿರುತ್ತೀರಿ. ತಿರುಗಿಸಿ ಒಳಗಡೆ ನೋಡಿ. ನಡುವೆ ಉದ್ದಕ್ಕೆ ಏಣಿನ ಹಾಗೆ ಹೋಗಿದೆಯಲ್ಲ, ಅದು ಬೆನ್ನುಹುರಿಯ ಮೂಳೆ. ಅದರ ಎರಡೂ ಕಡೆ ಹರಡಿಕೊಂಡಿರುವುದು ಪಕ್ಕೆಲುಬುಗಳು. ಕಾರ್ಟೂನ್‌ಗಳಲ್ಲಿ ಆಮೆ ಚಿಪ್ಪು ಕಳಚಿಟ್ಟು ಒಳಚಡ್ಡಿಯಲ್ಲಿ ಓಡಿಹೋಗುತ್ತದೆ. ಮಕ್ಕಳೇ, ನಿಮ್ಮ ಬೆನ್ನೆಲುಬು ಕಳಚಿಟ್ಟು ನೀವು ಓಡಿಹೋಗುವುದು ಎಷ್ಟು ಸಾಧ್ಯವೋ ಅದೂ ಅಷ್ಟೇ ಸಾಧ್ಯ. ಚಿಪ್ಪು ಆಮೆಯ ಮನೆ ಅಂತೀವಿ. ಮನೆ ಅಲ್ಲ ಅದು, ಆಮೆಯ ಮೈ.

ಒಂದು ಕಡೆ ಹೊರಗಿನ ಪದರ ಎದ್ದು ಬಂದಿದೆ, ಅಲ್ಲಿ ಬೆರಳಿಟ್ಟು ನೋಡಿ. ಕೆಳಗೆ ಬೆಳ್ಳಗಿರುವುದು ಮೂಳೆ. ಮೇಲಿನ ತೆಳು ಪದರ ಕೆರಾಟಿನ್, ಅಂದರೆ ನಮ್ಮ ಉಗುರು, ಕೂದಲಿನ ಜಾತಿಯ ವಸ್ತು. ಈ ಪದರ ಬಿಲ್ಲೆ ಬಿಲ್ಲೆಯಾಗಿ ಕೂತಿರುತ್ತದೆ. ಇಂಗ್ಲಿಷ್‌ನಲ್ಲಿ ಸ್ಕ್ಯೂಟ್ ಅಂತಾರೆ, ನಾನು ಬಿಲ್ಲೆ ಅಂತಲೇ ಕರೆಯುತ್ತೇನೆ. ಬೆನ್ನಿನ ನಡುಸಾಲಿನಲ್ಲಿ 5, ಆ ಕಡೆ ಈ ಕಡೆ ನಾಲ್ಕು ನಾಲ್ಕು, ಒಟ್ಟು 13 ದೊಡ್ಡ ಬಿಲ್ಲೆಗಳು. ಅಂಚಿನ ಸುತ್ತ ಚಿಕ್ಕವು ಬೇರೆ. ಇನ್ನೊಂದು ಸೊಗಸು ಗಮನಿಸಿ. ಬಿಲ್ಲೆಗಳ ನಡುವಿನ ಸಂದು ಒಂದು ಜಾಗದಲ್ಲಿದ್ದರೆ ಕೆಳಗಿನ ಮೂಳೆಗಳ ಸಂದು ಬೇರೆ ಜಾಗದಲ್ಲಿದೆ. ಗಾರೆ ಕೆಲಸದವರು ಇಟ್ಟಿಗೆ ಕಟ್ಟುವಾಗ ಮೇಲಿನ ಸಾಲಿನ ಸಂದು ಕೆಳಗಿನ ಸಾಲಿನ ಸಂದಿನ ಮೇಲೆ ಬರದ ಹಾಗೆ ನೋಡಿಕೊಳ್ಳುತ್ತಾರಲ್ಲ, ಅದೇ ಉಪಾಯ. ಗಟ್ಟಿತನ ಬರುವುದೇ ಅದರಿಂದ.

ಇನ್ನು ಕೆರಾಟಿನ್‌ಗೂ ಮೂಳೆಗೂ ಮಧ್ಯೆ ಇನ್ನೊಂದು ಪದರ ಇರುತ್ತದೆ. ಈ ಚಿಪ್ಪಿನಲ್ಲಿ ಅದು ನಿಮಗೆ ಕಾಣುವುದಿಲ್ಲ, ಒಣಗಿ ಹೋಗಿದೆ. ಜೀವಂತ ಚರ್ಮದ ಪದರ ಅದು. ಅಲ್ಲಿ ರಕ್ತ ಹರಿಯುತ್ತದೆ, ನರಗಳಿವೆ. ಆಮೆಯ ಬೆನ್ನನ್ನು ನೀವು ಬೆರಳಿನಿಂದ ಮೆಲ್ಲಗೆ ತಟ್ಟಿದರೂ ಅದಕ್ಕೆ ತಿಳಿಯುತ್ತದೆ. ಆ ಅಮ್ಮ ಹೇಳಿದ ಕುಣಿತದ ಗುಟ್ಟು ಇದು. ಬೆನ್ನು ಉಜ್ಜಿದರೆ ಎಷ್ಟೋ ಆಮೆಗಳು ಹಿಂಗಾಲ ಮೇಲೆ ಎದ್ದು ಪೃಷ್ಠ ಅಲ್ಲಾಡಿಸುತ್ತವೆ. ಎಮ್ಮೆ ಕಂಬಕ್ಕೆ ಮೈ ಉಜ್ಜಿಕೊಳ್ಳುವ ಸುಖ ಅದು. ಬರಿಗೈಯಲ್ಲಿ ಉಜ್ಜಿದರೂ ಕುಣಿಯುತ್ತದೆ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಇನ್ನೂ ಚೆನ್ನಾಗಿ ಕುಣಿಯುತ್ತದೆ. ಎಣ್ಣೆಗೆ ಆ ಹೆಸರು ಸುಮ್ಮನೆ ಬಂತು.

ಇಲ್ಲಿ ಒಂದು ಆಕ್ಷೇಪ ಬರಬೇಕು. ನೀವು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ನಮ್ಮ ಊರಲ್ಲಿ ಹಳ್ಳಿಕಾರ್ ಎತ್ತುಗಳನ್ನು ಜಾತ್ರೆಗೆ ಹೊಡೆಯುವ ಮುಂಚೆ ಕೊಂಬು ಹೆರೆಸಿ ಎಣ್ಣೆ ಹಚ್ಚುತ್ತಿದ್ದರು. ನಮ್ಮ ದೊಡ್ಡಪ್ಪ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೊರಡುವ ವಾರದಲ್ಲಿ ಹೆಂಡತಿಯ ಜೊತೆ ಆಡಿದ ಮಾತಿಗಿಂತ ಎತ್ತಿನ ಕೊಂಬು ಸವರಿದ್ದೇ ಹೆಚ್ಚು. ಕೊಂಬು ಅಂದರೇನು? ಒಳಗೆ ಮೂಳೆ, ಮೇಲೆ ಕೆರಾಟಿನ್ ಕವಚ, ನಡುವೆ ಜೀವಂತ ಪದರ. ಆಮೆಯ ಚಿಪ್ಪಿನ ರಚನೆಯೇ. ಕೊಂಬಿಗೆ ಆಗುವುದಾದರೆ ಚಿಪ್ಪಿಗೆ ಯಾಕೆ ಆಗದು?

ಎರಡು ಉತ್ತರ ಇದೆ. ಕೊಂಬು ಒಂದೇ ಅಖಂಡ ಕವಚ, ಅದರಲ್ಲಿ ಸಂದುಗಳಿಲ್ಲ. ಅದು ಬೆಳೆಯುವುದು ಬುಡದಲ್ಲಿ. ತುದಿ ಗಾಳಿಯಲ್ಲಿ ಮೇಲಿರುತ್ತದೆ, ಮಣ್ಣಿಗೆ ತಾಗುವುದಿಲ್ಲ. ಆಮೆಯ ಚಿಪ್ಪಿನಲ್ಲಿ ಹದಿಮೂರೂ ದೊಡ್ಡ ಬಿಲ್ಲೆಗಳು, ಅಂಚಿನ ಚಿಕ್ಕವು ಎಲ್ಲ ಬೇರೆ ಬೇರೆ ಬೆಳೆಯುತ್ತವೆ, ಬೆಳೆಯುವುದು ಅಂಚುಗಳಲ್ಲಿ, ಅಂದರೆ ಸಂದುಗಳಲ್ಲಿ. ಅಲ್ಲಿರುವ ಹೊಸ ಕೆರಾಟಿನ್ ಎಳೆಯದು. ಆಮೆ ಮಣ್ಣು ಅಗೆಯುವ, ಮಣ್ಣಲ್ಲಿ ಹೂತುಕೊಂಡು ಮಲಗುವ ಪ್ರಾಣಿ. ಎಣ್ಣೆ ಸವರಿದ ಆಮೆಯನ್ನು ಮಣ್ಣಿಗೆ ಬಿಟ್ಟರೆ ಏನಾಗುತ್ತದೆ ಅಂತ ಅಡುಗೆ ಮಾಡುವವರಿಗೆ ಗೊತ್ತು, ಒಲೆಯ ಹಿಂದಿನ ಗೋಡೆಯ ಜಿಡ್ಡು ನೆನಪು ಮಾಡಿಕೊಳ್ಳಿ. ಧೂಳು, ನಾರು, ಕೊಳೆ ಎಲ್ಲ ಸಂದಿಗೆ ಹೋಗಿ ಕೂರುತ್ತವೆ. ಅದರ ಅಡಿಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ಸುಖವಾದ ಸಂಸಾರ.

ಎರಡನೆಯ ಉತ್ತರ ನನಗೆ ಹೆಚ್ಚು ಮುಖ್ಯ. ದೊಡ್ಡಪ್ಪ ಕೊಂಬಿಗೆ ಎಣ್ಣೆ ಹಚ್ಚುತ್ತಿದ್ದದ್ದು ಕೊಂಬಿನ ಆರೋಗ್ಯಕ್ಕಲ್ಲ. ಕೊಳ್ಳುವವನ ಕಣ್ಣಿಗೆ! ಜಾತ್ರೆ ಮುಗಿದು ಜೋಡಿ ಮಾರಾಟವಾಗದೆ ವಾಪಸ್ ಬಂದರೆ ಮತ್ತೆ ಮುಂದಿನ ವರ್ಷದ ತನಕ ಆ ಕೊಂಬನ್ನು ಯಾರೂ ಮುಟ್ಟುತ್ತಿರಲಿಲ್ಲ. ಸಾಕುಪ್ರಾಣಿ ಅಂಗಡಿಗಳಲ್ಲಿ ಚಿಪ್ಪಿಗೆ ಹಚ್ಚುವ ಬಾಟಲಿಗಳು ಸಿಗುತ್ತವೆ, ಕಂಡೀಷನರ್ ಅಂತ. ಅದರ ಮೇಲೆ ಏನು ಬರೆದಿರುತ್ತದೆ ನೋಡಿ: ಹೊಳಪು, ಬಣ್ಣ, ಮೆರುಗು. ಆಮೆಗೆ ಕನ್ನಡಿ ಇದೆಯೇ?

ನನ್ನದೊಂದು ಊಹೆ ಇದೆ, ಊಹೆ ಅಂತಲೇ ತಗೊಳ್ಳಿ. ಹಿಂದಿನ ಕಾಲದಲ್ಲಿ ಕಡಲಾಮೆಯ ಬಿಲ್ಲೆಗಳಿಂದ ಬಾಚಣಿಗೆ, ಕನ್ನಡಕದ ಚೌಕಟ್ಟು, ನಶ್ಯದ ಡಬ್ಬಿ ಮಾಡುತ್ತಿದ್ದರು. ಆ ವಸ್ತುಗಳು ಒಣಗಿ ಮಂಕಾದರೆ ಆಲಿವ್ ಎಣ್ಣೆಯಲ್ಲಿ ಒರೆಸುವುದು ಈ ದೇಶದಲ್ಲಿ ಹಳೆಯ ರೂಢಿ. ಬಾಚಣಿಗೆಗೆ ಮಾಡಿದ್ದನ್ನೇ ತೋಟದಲ್ಲಿ ಓಡಾಡುವ ಆಮೆಗೂ ಮಾಡಿದರೇನೋ. ಇಲ್ಲಿನ ವಯಸ್ಸಾದ ಬ್ರಿಟಿಷರು ಇವತ್ತಿಗೂ ನನ್ನ ಹತ್ತಿರ ಬಂದು, ನಮ್ಮಪ್ಪ ವಸಂತ ಕಾಲದಲ್ಲಿ ಆಮೆ ನಿದ್ದೆಯಿಂದ ಎದ್ದ ಕೂಡಲೇ ಆಲಿವ್ ಎಣ್ಣೆ ಹಚ್ಚುತ್ತಿದ್ದ ಅನ್ನುತ್ತಾರೆ. ಹಾಸನದ ಅಮ್ಮನನ್ನು ನೋಡಿ ನಗುವ ಹಕ್ಕು ಅವರಿಗೂ ಇಲ್ಲ.

ಈಗ ಎಣ್ಣೆಯ ವಿರುದ್ಧ ಓಡಾಡುವ ಒಂದು ಸುಳ್ಳು ಕಾರಣವನ್ನು ತೆಗೆದುಹಾಕುತ್ತೇನೆ. "ಚಿಪ್ಪು ಉಸಿರಾಡುತ್ತದೆ, ಎಣ್ಣೆ ಹಚ್ಚಿದರೆ ಉಸಿರುಕಟ್ಟಿ ಸಾಯುತ್ತದೆ" ಅಂತ ಬಹಳ ಜನ ಹೇಳುತ್ತಾರೆ. ಆಮೆ ಉಸಿರಾಡುವುದು ಮೂಗಿನಿಂದ, ಶ್ವಾಸಕೋಶದಿಂದ. ಶ್ವಾಸಕೋಶಗಳು ಬೆನ್ನಿನ ಚಿಪ್ಪಿನ ಕೆಳಗೇ ಅಂಟಿಕೊಂಡಿರುತ್ತವೆ. ಪಕ್ಕೆಲುಬು ಚಿಪ್ಪಿಗೆ ಬೆಸೆದುಹೋಗಿರುವುದರಿಂದ ನಮ್ಮ ಹಾಗೆ ಎದೆ ಉಬ್ಬಿಸಲು ಅದಕ್ಕೆ ಆಗುವುದಿಲ್ಲ, ಹೊಟ್ಟೆಯ ಸ್ನಾಯುಗಳಿಂದ ಗಾಳಿ ಎಳೆದು ಬಿಡುತ್ತದೆ. ಚಿಪ್ಪಿನ ಮೂಲಕ ಗಾಳಿ ಹೋಗುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಫಿಟ್ಜ್‌ರಾಯ್ ನದಿಯ ಆಮೆ ಅಂತ ಒಂದಿದೆ, ಅದು ನೀರಿನೊಳಗೆ ಗುದದ್ವಾರದ ಮೂಲಕ ಆಮ್ಲಜನಕ ಹೀರಿಕೊಳ್ಳುತ್ತದೆ. ಮಕ್ಕಳು ನಗುತ್ತಿದ್ದಾರೆ, ನಗಲಿ, ನಿಜವೇ. ಅದರಲ್ಲೂ ಚಿಪ್ಪಿಗೆ ಪಾತ್ರವಿಲ್ಲ.

ಹಾಗಂತ ಚಿಪ್ಪು ಸುಮ್ಮನೆ ಕೂತಿರುತ್ತದೆ ಅಂತಲ್ಲ. ಅಮೆರಿಕದ ಪೇಂಟೆಡ್ ಟರ್ಟಲ್ ಚಳಿಗಾಲದಲ್ಲಿ ಮಂಜುಗಟ್ಟಿದ ಕೆರೆಯ ತಳದಲ್ಲಿ ತಿಂಗಳುಗಟ್ಟಲೆ ಗಾಳಿಯೇ ಇಲ್ಲದೆ ಬದುಕುತ್ತದೆ. ಆಮ್ಲಜನಕ ಇಲ್ಲದೆ ಬದುಕಿದರೆ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಬೇರೆ ಪ್ರಾಣಿಯಾದರೆ ಅದರಿಂದಲೇ ಸಾಯುತ್ತದೆ. ಈ ಆಮೆಯ ಚಿಪ್ಪಿನ ಮೂಳೆ ತನ್ನೊಳಗಿನ ಕಾರ್ಬೋನೇಟನ್ನು ರಕ್ತಕ್ಕೆ ಬಿಟ್ಟು ಆಮ್ಲವನ್ನು ತಣಿಸುತ್ತದೆ. ಹುಳಿ ಹೆಚ್ಚಾದ ಸಾರಿಗೆ ಚಿಟಿಕೆ ಸೋಡಾ ಹಾಕಿದ ಹಾಗೆ. ವಿಷಯ ಬಿಟ್ಟು ಹೋದೆ, ಆದರೆ ಇದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಇರಲಿ. ಆ ಅಮ್ಮ ಹೇಳಿದ ಮೊದಲ ಸರಿಗೆ ಬರೋಣ. ಚಿಪ್ಪು ಒಣಗಿತ್ತು. ಯಾಕೆ ಒಣಗುತ್ತದೆ?

ನವೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮೆಲ್ಲರ ಮನೆಗಳಲ್ಲಿ ಹೀಟಿಂಗ್ ಉರಿಯುತ್ತದೆ. ಗಾಳಿಯಲ್ಲಿ ತೇವ ಉಳಿಯುವುದಿಲ್ಲ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ವ್ಯಾಸಲೀನ್ ಹಚ್ಚುತ್ತೇವೆ. ವ್ಯಾಸಲೀನ್ ನಮ್ಮ ಚರ್ಮಕ್ಕೆ ನೀರು ಕೊಡುತ್ತದೆ ಅಂತ ತಿಳಿದಿದ್ದರೆ ಅದು ತಪ್ಪು. ಅದರಲ್ಲಿ ನೀರೇ ಇಲ್ಲ. ಒಳಗಿನಿಂದ ಬಂದ ನೀರು ಆರಿಹೋಗದ ಹಾಗೆ ಮುಚ್ಚಳ ಹಾಕುತ್ತದೆ, ಅಷ್ಟೇ. ಹಾಗಾದರೆ ಒಳಗೆ ನೀರಿಲ್ಲದ ಆಮೆಗೆ ಮುಚ್ಚಳ ಹಾಕಿ ಏನು ಪ್ರಯೋಜನ? ನಾನು ಆ ಮಗನನ್ನು ಕೇಳಿದೆ: ಆಮೆಯನ್ನು ನೀರಿನಲ್ಲಿ ಕೂರಿಸಿ ಎಷ್ಟು ದಿನವಾಯಿತು? ಅವನು, "ಇದು ಮರುಭೂಮಿ ಪ್ರಾಣಿ ಅಲ್ಲವಾ ಸರ್, ನೀರು ಬೇಡ ಅಂತ ಅಂದುಕೊಂಡಿದ್ದೆ" ಅಂದ.

ಇದು ಬರೀ ಅವನ ತಪ್ಪಲ್ಲ. ಹಾರ್ಸ್‌ಫೀಲ್ಡ್ ಆಮೆ ಮಧ್ಯ ಏಷ್ಯಾದ ಒಣ ಬಯಲಿನದು, ನಿಜ. ಸಲ್ಕಾಟಾ ಅನ್ನುವ ಇನ್ನೊಂದು ಜಾತಿಯ ಆಮೆ ಸಹಾರಾದ ದಕ್ಷಿಣ ಅಂಚಿನದು, ನಿಜ. ಆದರೆ ಆ ಬಯಲಿನಲ್ಲಿ ಅವು ದಿನವಿಡೀ ಬಿಸಿಲಲ್ಲಿ ಕೂತಿರುವುದಿಲ್ಲ. ಬಿಲ ತೋಡಿಕೊಂಡು ಒಳಗಿರುತ್ತವೆ, ಬಿಲದೊಳಗೆ ಮಣ್ಣು ತಂಪಾಗಿ ತೇವವಾಗಿರುತ್ತದೆ. ಮರಿಗಳಂತೂ ಹುಲ್ಲಿನ ಬುಡ, ಕೊಳೆತ ಎಲೆ, ಕಲ್ಲಿನ ಸಂದು ಬಿಟ್ಟು ಹೊರಗೆ ಬರುವುದೇ ಕಡಿಮೆ. ನಾವು ಮೇಲಿನ ಮರುಭೂಮಿಯನ್ನು ಮಾತ್ರ ಮನೆಗೆ ತರುತ್ತೇವೆ, ಕೆಳಗಿನ ಬಿಲವನ್ನು ತರುವುದಿಲ್ಲ. ಮರದ ತೊಟ್ಟಿ, ಒಣ ಮರಳು, ಮೇಲಿಂದ ಬೆನ್ನಿಗೆ ನೇರ ಹೊಡೆಯುವ ಬಿಸಿ ದೀಪ. ಅದು ಬಾಣಲೆ ರೀ, ಮನೆಯಲ್ಲ.

ಮರಿಗಳಲ್ಲಿ ಇದರ ಫಲ ಕಣ್ಣಿಗೆ ಕಾಣುತ್ತದೆ. ಒಂದೊಂದು ಬಿಲ್ಲೆಯೂ ಮೇಲಕ್ಕೆ ಎದ್ದು ಗೋಪುರದ ಹಾಗೆ ಆಗುತ್ತದೆ. ಪಿರಮಿಡಿಂಗ್ ಅನ್ನುತ್ತಾರೆ. ಬಹಳ ಕಾಲ ಎಲ್ಲರೂ ಇದಕ್ಕೆ ಪ್ರೋಟೀನ್ ಜಾಸ್ತಿಯಾಗಿದ್ದೇ ಕಾರಣ ಅಂತ ನಂಬಿದ್ದರು, ನಾನೂ ಹಾಗೇ ಹೇಳುತ್ತಿದ್ದೆ. 2003ರಲ್ಲಿ ವಿಯೆನ್ನಾದ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಸಲ್ಕಾಟಾ ಮರಿಗಳನ್ನು ಗುಂಪು ಮಾಡಿ, ಕೆಲವಕ್ಕೆ ಒಣ ಗಾಳಿ, ಕೆಲವಕ್ಕೆ ತೇವದ ಗಾಳಿ, ಆಹಾರದಲ್ಲೂ ಪ್ರೋಟೀನ್ ಹೆಚ್ಚು ಕಡಿಮೆ ಮಾಡಿ 5 ತಿಂಗಳು ಬೆಳೆಸಿದರು. ಒಣ ಗಾಳಿಯಲ್ಲಿ ಬೆಳೆದವಕ್ಕೆ ಗೋಪುರ ಎತ್ತರವಾಗಿ ಎದ್ದಿತು. ಪ್ರೋಟೀನ್‌ನ ಪಾತ್ರ ಅದರ ಮುಂದೆ ಚಿಕ್ಕದು. ಗಾಳಿಯ ತೇವ ಅಷ್ಟು ಕೆಲಸ ಮಾಡುತ್ತದೆ.

ಮಾಯಿಶ್ಚರೈಸರ್ ಪ್ರಶ್ನೆಗೆ ಇದರಲ್ಲೇ ಉತ್ತರ ಇದೆ. ಬಿಲ್ಲೆಯ ನಡುವಿನಲ್ಲಿ ಒರಟಾದ ಒಂದು ಚಿಕ್ಕ ಭಾಗ ಇರುತ್ತದೆ, ಮೊಟ್ಟೆಯೊಡೆದು ಬಂದ ದಿನ ಆ ಮರಿಯ ಚಿಪ್ಪಿನಲ್ಲಿ ಇದ್ದದ್ದು ಅದು. ಸುತ್ತಲಿನ ಉಂಗುರಗಳೆಲ್ಲ ಆಮೇಲೆ ಸೇರಿದ್ದು. ಇವತ್ತು ನಿಮ್ಮ ಆಮೆಯ ಚಿಪ್ಪು ಹೇಗೆ ಕಾಣುತ್ತದೋ ಅದು ಹೋದ ವರ್ಷ, ಅದರ ಹಿಂದಿನ ವರ್ಷ ನೀವು ಸಾಕಿದ ರೀತಿ. ಗೋಪುರ ಒಮ್ಮೆ ಎದ್ದರೆ ಇಳಿಯುವುದಿಲ್ಲ, ಎಣ್ಣೆಗೂ ಇಳಿಯುವುದಿಲ್ಲ, ನೀರಿಗೂ ಇಳಿಯುವುದಿಲ್ಲ. ಇವತ್ತಿನಿಂದ ಸರಿಯಾಗಿ ಸಾಕಿದರೆ ಮುಂದೆ ಬರುವ ಉಂಗುರ ಸಪಾಟಾಗಿ ಬರುತ್ತದೆ. ತೇವ ಬೇಕಾಗಿರುವುದು ಇನ್ನೂ ಹುಟ್ಟದ ಆ ಉಂಗುರಕ್ಕೆ.

ಏನು ಮಾಡಬೇಕು ಅಂದರೆ, ನೀರಲ್ಲಿ ಕೂರಿಸಿ. ಅಗಲವಾದ ತಟ್ಟೆ ಅಥವಾ ಟಬ್, ಉಗುರುಬೆಚ್ಚಗಿನ ನೀರು, ಆಳ ಮೇಲಿನ ಚಿಪ್ಪು ಕೆಳಗಿನ ಚಿಪ್ಪನ್ನು ಸೇರುವಷ್ಟು. ತಲೆ ಎತ್ತಿದರೆ ಮೂಗು ಆರಾಮಾಗಿ ನೀರಿನ ಮೇಲಿರಬೇಕು. 15, 20 ನಿಮಿಷ. ಮರಿಗಳಿಗೆ ದಿನವೂ ಅಥವಾ ದಿನ ಬಿಟ್ಟು ದಿನ, ದೊಡ್ಡವಕ್ಕೆ ವಾರಕ್ಕೆ ಒಂದೆರಡು ಸಲ. ಪಕ್ಕದಲ್ಲೇ ಇರಿ. ಆಮೆ ಕತ್ತು ಚಾಚಿ ನೀರು ಕುಡಿಯುತ್ತದೆ, ಆಮೇಲೆ ಅದೇ ನೀರಿನಲ್ಲಿ ಎಲ್ಲ ಮಾಡುತ್ತದೆ. ಮೂತ್ರದ ಜೊತೆ ಬಿಳಿ ಹಿಟ್ಟಿನಂಥದ್ದು ಬಂದರೆ ಗಾಬರಿಯಾಗಬೇಡಿ, ಅದು ಸಹಜ. ಮೆತ್ತಗೆ ಇರಬೇಕು. ಮರಳಿನ ಹಾಗೆ ಗರಗರ ಇದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಚಿಪ್ಪಿನ ಹೊಳಪು ನೋಡಿ ಆಮೆಯ ಒಣಗು ಅಳೆಯುವುದಕ್ಕಿಂತ ಇದನ್ನು ನೋಡಿ ಅಳೆಯುವುದು ವಾಸಿ.

ತೊಟ್ಟಿಯ ಒಂದು ಮೂಲೆಯಲ್ಲಿ ಒದ್ದೆ ಪಾಚಿ ಹಾಕಿದ ಮುಚ್ಚಿದ ಡಬ್ಬಿ ಇಡಿ, ಬಾಗಿಲು ಕೊರೆದು. ಅದೇ ಬಿಲ. ಆದರೆ ಇಡೀ ತೊಟ್ಟಿಯನ್ನು ಗದ್ದೆ ಮಾಡಬೇಡಿ. ಹಾರ್ಸ್‌ಫೀಲ್ಡ್, ಹರ್ಮನ್ ಜಾತಿಗಳಿಗೆ ತಣ್ಣಗೆ ಒದ್ದೆ ನೆಲ ಸಿಕ್ಕರೆ ಕೆಳಚಿಪ್ಪು ಕೊಳೆಯುತ್ತದೆ, ಮೂಗು ಸುರಿಯುತ್ತದೆ. ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಅದನ್ನು ಕೊಡುವ ದೀಪ ಇಲ್ಲದೆ ಈ ದೇಶದ ಚಳಿಗಾಲ ಕಳೆಯಬೇಡಿ. ದೀಪ ಬೆಳಕು ಕೊಡುತ್ತಿದೆ ಅಂದ ಮಾತ್ರಕ್ಕೆ ಯುವಿಬಿ ಕೊಡುತ್ತಿದೆ ಅಂತಲ್ಲ, ಕಣ್ಣಿಗೆ ಕಾಣದ ಆ ಅಂಶ ಮೊದಲು ಸಾಯುತ್ತದೆ. ಹಾಸನದ ಅಮ್ಮನ ಮನೆಯ ದೀಪಕ್ಕೆ ಮೂರು ವರ್ಷ ವಯಸ್ಸಾಗಿತ್ತು. ತಯಾರಿಸಿದವರು ಹೇಳಿದ ಅವಧಿಗೆ ಬದಲಿಸಿ, ಸಾಮಾನ್ಯವಾಗಿ 6 ತಿಂಗಳಿಂದ ಒಂದು ವರ್ಷ. ಕಿಟಕಿ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕೆ ಬರುವುದಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ. ಸುಣ್ಣದಂಶಕ್ಕೆ ಕಟಲ್‌ಫಿಶ್ ಮೂಳೆ ಇಡಿ. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಮುದ್ರನೊರೆ ಅಂತ ಕೊಡುತ್ತಾರಲ್ಲ, ಅದೇ. ಸೊಪ್ಪಿನಲ್ಲಿ ಡ್ಯಾಂಡಿಲಯನ್‌ಗೆ ಸಮ ಇಲ್ಲ, ಹಿತ್ತಲಲ್ಲಿ ಕಳೆ ಅಂತ ಕಿತ್ತೆಸೆಯುತ್ತೀರಿ. ದಾಸವಾಳದ ಎಲೆ, ಹೂವು ಎರಡೂ ಆಗುತ್ತದೆ. ಅಂದರೆ ಆ ಅಮ್ಮನ ಎಣ್ಣೆಯಲ್ಲಿ ಆಮೆಗೆ ಬೇಕಾದ ಒಂದು ಪದಾರ್ಥ ಇತ್ತು, ಹೊಟ್ಟೆಗೆ ಹೋಗಬೇಕಾದದ್ದು ಬೆನ್ನಿಗೆ ಹೋಯಿತು.

ಆ ಆಮೆಗೆ ಏನಾಗಿತ್ತು ಅಂತ ಹೇಳಲೇ ಇಲ್ಲ. ನಾವು ಒಂದು ತಾಸು ಬೆಚ್ಚಗಿನ ನೀರಲ್ಲಿ ಮೆತ್ತನೆ ಬ್ರಷ್‌ನಿಂದ ಜಿಡ್ಡು ಬಿಡಿಸಿದೆವು. ಎರಡು ಸಂದುಗಳಲ್ಲಿ ಬೆಳ್ಳಗೆ ಪುಡಿಪುಡಿಯಾಗಿ ಬೂಷ್ಟು ಹಿಡಿದಿತ್ತು. ಮೇಲೆ ಹೊಳಪಿದ್ದದ್ದರಿಂದ ಮನೆಯವರಿಗೆ ತಿಂಗಳುಗಟ್ಟಲೆ ಕಂಡಿರಲಿಲ್ಲ. ನಾನು ಎಣ್ಣೆಯನ್ನು ದೂರುವುದಕ್ಕೆ ದೊಡ್ಡ ಕಾರಣ ಇದು. ಒಂದು ಸಲ ಹಚ್ಚಿದರೆ ಆಮೆ ಸಾಯುವುದಿಲ್ಲ, ಸಾಯುತ್ತದೆ ಅಂತ ನಾನು ಹೆದರಿಸುವುದಿಲ್ಲ. ಆದರೆ ಚಿಪ್ಪು ಬಣ್ಣಗೆಡುವುದು, ಮಂಕಾಗುವುದು, ಮೆದುವಾಗುವುದು, ಎಲ್ಲ ಅದು ನಮಗೆ ಹೇಳುವ ಮಾತು. ಎಣ್ಣೆ ಆ ಬಾಯಿ ಮುಚ್ಚಿಸುತ್ತದೆ. ಔಷಧ ಹಚ್ಚಿ, ನಾಲ್ಕು ತಿಂಗಳಲ್ಲಿ ವಾಸಿಯಾಯಿತು. ಔಷಧ ಅಂದರೆ ಮುಲಾಮೇ. ಗಾಯಕ್ಕೆ ವೈದ್ಯರು ಕೊಡುವ ಮುಲಾಮು ಬೇರೆ, ಅಂದಕ್ಕೆ ಹಚ್ಚುವುದು ಬೇರೆ.

ತೊಳೆಯುವ ಮಾತು ಬಂದಾಗ ಜೊನಾಥನ್ ನೆನಪಾಗುತ್ತಾನೆ. ಅಟ್ಲಾಂಟಿಕ್ ನಡುವಿನ ಸೇಂಟ್ ಹೆಲೆನಾ ದ್ವೀಪದಲ್ಲಿ ಗವರ್ನರ್ ಬಂಗಲೆಯ ಅಂಗಳದಲ್ಲಿ ಬಾಳಿದ ದೈತ್ಯ ಆಮೆ. 1832ರ ಸುಮಾರಿಗೆ ಹುಟ್ಟಿದ್ದಿರಬೇಕು ಅಂತ ಅಂದಾಜು. 2016ರಲ್ಲಿ ರಾಜಮನೆತನದವರು ಬರುತ್ತಾರೆ ಅಂತ ಅವನಿಗೆ ಸ್ನಾನ ಮಾಡಿಸಿದರು, ಅದೇ ಅವನ ಮೊದಲ ಸ್ನಾನ ಅಂತ ಪತ್ರಿಕೆಗಳು ಬರೆದವು. ವೈದ್ಯರು ಮೆತ್ತನೆ ಬ್ರಷ್ ಹಿಡಿದು ಬಿಲ್ಲೆ ಬಿಲ್ಲೆಯಾಗಿ ಉಜ್ಜಿದರು. ನೂರ ಎಂಬತ್ತು ಚಿಲ್ಲರೆ ವರ್ಷದ ಕೊಳೆ, ಹಕ್ಕಿ ಹಿಕ್ಕೆ, ಪಾಚಿ ಎಲ್ಲ ಹೋಯಿತು. ಕೊನೆಗೆ ಹೊಳಪು ಬರಲಿ ಅಂತ ಎಣ್ಣೆ ಸವರಿದರು ಅಂತ ಎಲ್ಲೂ ಓದಿಲ್ಲ.

ನೀವು ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆಗಳಿಗೆ ಬೇಗ ಬೇಗ ಉತ್ತರಿಸುತ್ತೇನೆ.

ಉಂಗುರ ಎಣಿಸಿದರೆ ವಯಸ್ಸು ಗೊತ್ತಾಗುತ್ತದಾ? ಇಲ್ಲ. ಚೆನ್ನಾಗಿ ತಿಂದ ವರ್ಷ ಎರಡು ಮೂರು ಬರಬಹುದು, ಮುದಿಯಾದ ಮೇಲೆ ಸವೆದು ಮಾಯವಾಗುತ್ತವೆ.

ನಮ್ಮದು ನೀರಾಮೆ, ಬಿಲ್ಲೆ ಈರುಳ್ಳಿ ಸಿಪ್ಪೆಯ ಹಾಗೆ ಉದುರುತ್ತಿದೆ, ಹಚ್ಚಲೇ? ಹಚ್ಚಬೇಡಿ. ಕೆಂಪು ಕಿವಿಯ ಸ್ಲೈಡರ್‌ನಂಥ ನೀರಾಮೆಗಳು ಹಳೆಯ ತೆಳು ಪದರ ಕಳಚುವುದು ಸಹಜ. ನೆಲದ ಆಮೆಗಳು ಹಾಗೆ ಕಳಚುವುದಿಲ್ಲ, ಅವುಗಳ ಬಿಲ್ಲೆ ಎದ್ದರೆ ವೈದ್ಯರಿಗೆ ತೋರಿಸಿ. ಎರಡರಲ್ಲೂ ನೀವು ಉಗುರು ಹಾಕಿ ಕೀಳಬೇಡಿ.

ನಾಯಿ ಕಚ್ಚಿ ಚಿಪ್ಪು ಬಿರುಕು ಬಿಟ್ಟರೆ ಅರಾಲ್ಡೈಟ್ ಹಾಕಬಹುದೇ? ದಯವಿಟ್ಟು ಬೇಡ. ಒಡೆದದ್ದು ಮೂಳೆ, ಕೆಳಗೆ ಶ್ವಾಸಕೋಶ. ಅಂಟು ಕೀವನ್ನು ಒಳಗೇ ಮುಚ್ಚುತ್ತದೆ. ಸಲೈನ್‌ನಲ್ಲಿ ನೆನೆಸಿದ ಶುಭ್ರ ಗಾಜ್ ಬಟ್ಟೆ ಮುಚ್ಚಿ, ಬೆಚ್ಚಗಿಟ್ಟು, ಅದೇ ದಿನ ಆಸ್ಪತ್ರೆಗೆ ತನ್ನಿ.

ಈಗಾಗಲೇ ಎಣ್ಣೆ ಹಚ್ಚಿಬಿಟ್ಟಿದ್ದೇವೆ, ಏನು ಮಾಡೋಣ? ನಾಲ್ಕೈದು ಕೈ ಎತ್ತಿದರು, ಸಂತೋಷ. ಪಾತ್ರೆ ತೊಳೆಯುವ ಸೋಪು ಹಾಕಬೇಡಿ. ಬೆಚ್ಚಗಿನ ನೀರು, ಮಕ್ಕಳ ಟೂತ್‌ಬ್ರಷ್, ದಿನಕ್ಕೆ ಹತ್ತು ನಿಮಿಷ, ಒಂದು ವಾರ. ಸಂದಿನಲ್ಲಿ ದುರ್ವಾಸನೆ, ಮೆದು ಜಾಗ, ನೀರು ಒಸರುವುದು ಕಂಡರೆ ವಾರ ಕಾಯಬೇಡಿ.

ಕೊನೆಯ ಚೀಟಿ. "ಊರಿನ ಮನೆಯಲ್ಲಿ ಅಪ್ಪ ನಕ್ಷತ್ರ ಆಮೆ ಸಾಕಿದ್ದಾರೆ, ಅದೃಷ್ಟ ಅಂತ. ಅದಕ್ಕೂ ಇದೇ ಕ್ರಮವೇ?" ಬರೆದವರು ಯಾರು ಅಂತ ಕೇಳುವುದಿಲ್ಲ. ನಕ್ಷತ್ರ ಆಮೆ ನಮ್ಮ ಕೋಲಾರದಂಥ ಒಣ ಸೀಮೆಯ ಪ್ರಾಣಿ. ಅದರ ಬಿಲ್ಲೆಗಳು ಕಾಡಿನಲ್ಲೇ ಸ್ವಲ್ಪ ಉಬ್ಬಿರುತ್ತವೆ, ಅದು ರೋಗವಲ್ಲ. ಆದರೆ ಅದನ್ನು ಭಾರತದಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. 1972ರ ವನ್ಯಜೀವಿ ಕಾಯ್ದೆಗೆ ಆದ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಅದು ಮೊದಲನೆಯ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಅಂತಾರಾಷ್ಟ್ರೀಯ ವ್ಯಾಪಾರಕ್ಕೂ 2019ರಿಂದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಕಳ್ಳಸಾಗಣೆಯಾಗಿ ಸಿಂಗಪುರದಲ್ಲಿ ಸಿಕ್ಕ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ಬೆಂಗಳೂರಿಗೆ ವಾಪಸ್ ಕಳಿಸಿದರು. ವಿಮಾನದಲ್ಲಿ, ಹೌದು. ಅಪ್ಪನಿಗೆ ಫೋನ್ ಮಾಡಿ, ಅರಣ್ಯ ಇಲಾಖೆಯವರಿಗೆ ಒಪ್ಪಿಸಲು ಹೇಳಿ. ತಾವೇ ತೋಟದಲ್ಲಿ ಬಿಡುವುದು ಬೇಡ, ವರ್ಷಗಟ್ಟಲೆ ಮನೆಯಲ್ಲಿದ್ದ ಆಮೆಗೆ ರೋಗ ಇದ್ದರೆ ಕಾಡಿನವಕ್ಕೂ ಅಂಟುತ್ತದೆ. ಇನ್ನು ಮುಂದೆ ಹೊಲದಲ್ಲಿ ಸಿಕ್ಕರೆ ಅಲ್ಲೇ ಇರಲಿ. ರಸ್ತೆ ದಾಟುತ್ತಿದ್ದರೆ ಎತ್ತಿ, ಅದು ಯಾವ ಕಡೆ ಮುಖ ಮಾಡಿತ್ತೋ ಆ ಕಡೆಯೇ ಬಿಡಿ. ಈ ಕಡೆ ಬಿಟ್ಟರೆ ಮತ್ತೆ ದಾಟಲು ಹೊರಡುತ್ತದೆ.